ಹಬ್ಬದ ಹಿಂದಿನ ದಿನದ ಹಾಜರಿ

ಚಾಮರಾಜಪೇಟೆ, ಬೆಂಗಳೂರು – ೧೮
ಮಂಗಳವಾರ, ನವೆಂಬರ್ ೧೮

ಚಿ. ಸೌ. ಸಂಧ್ಯಾಳಿಗೆ ಅಮ್ಮನ ತುಂಬು ಆಶೀರ್ವಾದಗಳು.

ನಿನ್ನ ಕತ್ತುನೋವು ಹೇಗಿದೆ? ಅಳಿಯಂದಿರ ಕೆಮ್ಮು ಇಳಿಯಿತೇ? ಟಿವಿಯಲ್ಲಿ ದೆಹಲಿಯ ಹೊಗೆ ತೋರಿಸಿದಾಗಲೆಲ್ಲ ನಿಮ್ಮಿಬ್ಬರ ನೆನಪಾಗಿ ಚಾನೆಲ್ ಬದಲಾಯಿಸುತ್ತೇನೆ. ಆ ಹೊಗೆಯಲ್ಲಿ ಬೆಳಿಗ್ಗೆ ನಡೆಯಲು ಹೋಗಬೇಡಿ ಎಂದು ಹೇಳಿದ್ದೆ. ಹೋಗುತ್ತಿದ್ದೀರಿ ಎಂದು ನನಗೆ ಗೊತ್ತು, ಸುಳ್ಳು ಹೇಳಬೇಡ. ಕತ್ತುನೋವಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ, ಫೈಲಿನ ಮೇಲೆ ಬಗ್ಗಿ ಕೂರುವುದನ್ನು ಕಡಿಮೆ ಮಾಡು. ಇಲ್ಲಿ ನನ್ನ ಮಂಡಿ ಯಾವಾಗಲೂ ಇದ್ದ ಹಾಗೇ ಇದೆ, ಮೆಟ್ಟಿಲು ಹತ್ತುವಾಗ ಬೈಯುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ನಿನ್ನ ತಮ್ಮ ಮುನಿರಾಜು ಚೆನ್ನಾಗಿದ್ದಾನೆ. ಅಂಗಡಿಯಲ್ಲಿ ಕಾರ್ತಿಕ ಮಾಸದ ಹೂವಿನ ವ್ಯಾಪಾರ ಪರವಾಗಿಲ್ಲ, ಸೇವಂತಿಗೆ ಮಾತ್ರ ಸುರಿದು ಬಿದ್ದಿದೆ, ಕೇಳುವವರಿಲ್ಲ. ರಾಗಿ ಹಿಟ್ಟು ಮತ್ತು ಪರಿಷೆಯ ಕಡಲೆಕಾಯಿ ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತಿದೆ. ಹೋದ ಸಲದ ಹಾಗೆ ಆಫೀಸಿನವರಿಗೆಲ್ಲ ಹಂಚಿ ನೀನು ಬರಿಗೈಯಲ್ಲಿ ಕೂರಬೇಡ.

ಫೋನ್ ಇರುವಾಗ ಅಮ್ಮ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಈ ತಿಂಗಳು ನಾಲ್ಕು ಸಲ ಫೋನ್ ಮಾಡಿದೆ. ಮೂರು ಸಲ, “ಮೀಟಿಂಗಲ್ಲಿದೀನಮ್ಮ, ಆಮೇಲೆ ಮಾಡ್ತೀನಿ” ಎಂದೆ. ಆ ಆಮೇಲೆ ಎನ್ನುವುದು ಇನ್ನೂ ಬಂದಿಲ್ಲ. ನಾಲ್ಕನೇ ಸಲ ಎತ್ತಿದವಳು ನನಗೆ ಹತ್ತು ನಿಮಿಷ ಪಾಠ ಮಾಡಿದೆ. ನಾನು ಬಾಯಿ ತೆಗೆಯುವ ಹೊತ್ತಿಗೆ ನಿನ್ನ ಸಾಹೇಬರು ಕರೆದರು. ಕಾಗದಕ್ಕೆ ಯಾವ ಸಾಹೇಬರೂ ಅಡ್ಡ ಬರುವುದಿಲ್ಲ. ನಿನಗೆ ಬಿಡುವಾಗುವ ತನಕ ಮೇಜಿನ ಮೇಲೆ ಕೂತಿರುತ್ತದೆ, ನನ್ನ ಹಾಗೆಯೇ.

ವಿಷಯ ನಿನಗೆ ಗೊತ್ತಿರುವುದೇ. ಆದರೂ ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಿನಗೆ ಗೊತ್ತಿರುವುದು ನಿಮ್ಮ ದೆಹಲಿ ಆಫೀಸಿನ ಅನುದಾನದ ಪಟ್ಟಿಯಲ್ಲಿರುವ ಒಂದು ಸಾಲು. ನಮ್ಮ ಬೀದಿಯ ಸರ್ಕಾರಿ ಶಾಲೆಗೆ, ನೀನು ಏಳನೇ ತರಗತಿಯವರೆಗೆ ಓದಿದ ಅದೇ ಶಾಲೆಗೆ, ಹೋದ ತಿಂಗಳು ಒಂದು ಆದೇಶ ಬಂತು. ಮಕ್ಕಳ ಸಂಖ್ಯೆ ಹತ್ತೊಂಬತ್ತು. ಮೂವತ್ತಕ್ಕಿಂತ ಕಡಿಮೆ ಇರುವ ಶಾಲೆಗಳಿಗೆ ಇನ್ನು ಕೇಂದ್ರದ ಅನುದಾನ ಇಲ್ಲ. ಆದ್ದರಿಂದ ಬರುವ ಜೂನಿನಿಂದ ಈ ಶಾಲೆಯನ್ನು ದೊಡ್ಡ ರಸ್ತೆಯ ಆಚೆಗಿನ ಶಾಲೆಗೆ ಸೇರಿಸಲಾಗುವುದು. ಆಕ್ಷೇಪಣೆ ಇದ್ದರೆ ಈ ತಿಂಗಳ ಕೊನೆಯೊಳಗೆ ಲಿಖಿತವಾಗಿ ಕೊಡಬೇಕು. ಇಷ್ಟೇ. ಅರ್ಧ ಪುಟ. ನೂರಾರು ಮಕ್ಕಳು ಅಕ್ಷರ ಕಲಿತ ಜಾಗವನ್ನು ಮುಚ್ಚಲು ಒಂದು ಪೂರ್ತಿ ಪುಟ ಬರೆಯುವಷ್ಟೂ ವ್ಯವಧಾನ ಇರಲಿಲ್ಲ ಯಾರಿಗೂ.

ಸಂಧ್ಯಾ, ಆ ಶಾಲೆಯ ಹಾಜರಿ ಪುಸ್ತಕದಲ್ಲಿರುವುದು ಅರವತ್ತನಾಲ್ಕು ಮಕ್ಕಳು. ನಾನು ಹೋಗಿ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಬಿಸಿಯೂಟ ಮಾಡುವ ಮುನಿಯಕ್ಕನ ಅನ್ನದ ಪಾತ್ರೆ ನೋಡಿದರೂ ಗೊತ್ತಾಗುತ್ತದೆ, ಹತ್ತೊಂಬತ್ತು ಮಕ್ಕಳಿಗೆ ಯಾರೂ ಅಷ್ಟು ದೊಡ್ಡ ಪಾತ್ರೆ ಇಡುವುದಿಲ್ಲ. “ನಂಗೇನ್ ಹುಚ್ಚಾ ಅಕ್ಕಾ, ಇಲ್ದೇ ಇರೋ ಮಕ್ಳಿಗೆ ಅನ್ನ ಬೇಯ್ಸೋಕೆ?” ಎಂದು ಅವಳೇ ಕೇಳಿದಳು. ಹತ್ತೊಂಬತ್ತು ಎಂಬ ಲೆಕ್ಕ ಎಲ್ಲಿಂದ ಬಂತು ಎಂದರೆ, ಆಗಸ್ಟ್ ತಿಂಗಳಿನಲ್ಲಿ ಗಂಗಾಧರಯ್ಯ ಎಂಬ ಒಬ್ಬ ಅಧಿಕಾರಿ ಬಂದು ತಲೆ ಎಣಿಸಿಕೊಂಡು ಹೋದರು. ಬಂದದ್ದು ಯಾವತ್ತು ಗೊತ್ತೇ? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಈ ಊರಿನಲ್ಲಿ ಹುಟ್ಟಿದ ನಾಯಿಗೂ ಗೊತ್ತು, ಆವತ್ತು ಮಾರುಕಟ್ಟೆಯಿಂದ ಸಿರ್ಸಿ ಸರ್ಕಲ್‌ವರೆಗೆ ಬಾಳೆಕಂದು, ಹೂವು, ಮಾವಿನಸೊಪ್ಪು ಬಿಟ್ಟರೆ ಕಾಲಿಡಲು ಜಾಗ ಇರುವುದಿಲ್ಲ ಎಂದು. ನಮ್ಮ ಬೀದಿಯ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಮುಕ್ಕಾಲು ಜನ ಹೂವು ತರಕಾರಿ ಮಾರುವವರು. ಆವತ್ತು ಮನೆ ಮನೆಯಲ್ಲೂ ಕೆಲಸ ಇರುತ್ತದೆ. ಆ ದಿನವೇ ಬಂದು ಎಣಿಸುವವನು ಮಕ್ಕಳನ್ನು ಎಣಿಸಲು ಬಂದವನಲ್ಲ, ಮಕ್ಕಳಿಲ್ಲ ಎಂದು ಬರೆಯಲು ಬಂದವನು.

ಇದನ್ನೇ ಹೇಳಲು ಬ್ಲಾಕ್ ಶಿಕ್ಷಣ ಕಚೇರಿಗೆ ಹೋದೆ. ಮಂಡಿ ಹಿಡಿದುಕೊಂಡು ಎರಡು ಮಹಡಿ ಹತ್ತಿದೆ. ಅಲ್ಲಿ ಕೂತಿದ್ದ ಹುಡುಗಿ ನನ್ನ ಕೈಯಲ್ಲಿದ್ದ ಅರ್ಜಿಯನ್ನು ಓದದೆಯೇ, “ಅಜ್ಜೀ, ಕೇಂದ್ರದಿಂದ ದುಡ್ಡೇ ಬಂದಿಲ್ಲ, ನಾವೇನ್ ಮಾಡೋಣ ಹೇಳಿ” ಎಂದಳು. ನಾನು ಅಜ್ಜಿ ಹೌದು, ಅವಳಿಗಲ್ಲ. ಅಲ್ಲಿಂದ ರಾಜ್ಯದ ಕಚೇರಿಗೆ ಹೋದರೆ, ಅಲ್ಲಿಯವರು ಮರ್ಯಾದಸ್ಥರು, ಕುರ್ಚಿ ಕೊಟ್ಟರು, ಕಾಫಿ ತರಿಸಿದರು, ಕಾಫಿ ಮುಗಿದ ಮೇಲೆ, “ಇದು ದೆಹಲಿಯವ್ರ ನಿಯಮ ಅಮ್ಮಾ, ನಮ್ ಕೈಲಿಲ್ಲ” ಎಂದರು. ದೆಹಲಿ ಎಂದರೆ ನನ್ನ ಮಗಳು. ಅವಳಿಗೆ ಫೋನ್ ಮಾಡಿದರೆ, “ಅಮ್ಮಾ, ಸಂಖ್ಯೆ ಕೊಟ್ಟಿದ್ದು ರಾಜ್ಯದವ್ರು, ನಾವು ಅದನ್ನ ನಂಬಲೇಬೇಕು” ಎನ್ನುತ್ತಾಳೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಗಂಡನೂ ಹೆಂಡತಿಯೂ ಕೂಸು ನನ್ನದಲ್ಲ ಎಂದು ಹೇಳುತ್ತಿದ್ದಾರೆ. ಹಾಲು ಕೊಡುವುದು ಯಾರು ಎಂದು ತೀರ್ಮಾನವಾಗುವ ತನಕ ಅದು ಉಪವಾಸ ಇರಬೇಕು.

ಕೇಂದ್ರದ ಅನುದಾನ ಎಂದರೆ ಏನು ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಈ ಶಾಲೆಯಲ್ಲಿ ಅದು ಏನು ಎಂದು ಹೇಳುತ್ತೇನೆ. ಇರುವ ನಾಲ್ಕು ಜನ ಟೀಚರುಗಳಲ್ಲಿ ಇಬ್ಬರ ಸಂಬಳ ಅದು. ಕಕ್ಕಸಿಗೆ ನೀರಿನ ಮೋಟಾರು ಅದು. ಮತ್ತೆ ಬೈರಮ್ಮನ ಮೊಮ್ಮಗಳು ಭಾಗ್ಯಳಿಗೆ ಬುಧವಾರ ಬುಧವಾರ ಬರುತ್ತಿದ್ದ ಟೀಚರು ಅದು. ಬೈರಮ್ಮ ನಿನಗೆ ನೆನಪಿರಬೇಕು, ನಮ್ಮ ಅಂಗಡಿಯ ಪಕ್ಕ ನಿಂಬೆಹಣ್ಣು ಇಟ್ಟುಕೊಂಡು ಕೂರುತ್ತಿದ್ದವಳು. ಭಾಗ್ಯಳಿಗೆ ಎಂಟು ವರ್ಷ, ಕಿವಿ ಕೇಳಿಸುವುದಿಲ್ಲ. ಸರ್ಕಾರವೇ ಕಿವಿಗೆ ಯಂತ್ರ ಕೊಟ್ಟಿತು, ಅದು ಒಳ್ಳೆಯದೇ. ಆದರೆ ಯಂತ್ರ ಹಾಕಿದ ಮಾತ್ರಕ್ಕೆ ಮಾತು ಬರುವುದಿಲ್ಲವಲ್ಲ. ಆ ಬುಧವಾರದ ಟೀಚರು ಅವಳ ಕೈಯನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡು ಒಂದೊಂದೇ ಅಕ್ಷರ ಹೇಳಿಕೊಡುತ್ತಿದ್ದರು. ಎರಡು ವರ್ಷ ಆದ ಮೇಲೆ ಒಂದು ಸಂಜೆ ಆ ಹುಡುಗಿ ನಮ್ಮ ಗೇಟಿನ ಹತ್ತಿರ ನಿಂತು “ಅಜ್ಜಿ, ಊವು” ಎಂದಳು. ಹ ಬರಲಿಲ್ಲ. ಪರವಾಗಿಲ್ಲ, ನಮ್ಮ ಬೀದಿಯಲ್ಲಿ ಯಾರಿಗೆ ಹ ಬರುತ್ತದೆ? ನಾನು ಅವಳ ತಲೆಗೆ ಒಂದು ಮೊಳ ಮಲ್ಲಿಗೆ ಮುಡಿಸಿ ಕಳಿಸಿದೆ. ಹೋದ ತಿಂಗಳಿನಿಂದ ಬುಧವಾರದ ಟೀಚರು ಬರುತ್ತಿಲ್ಲ, ಕೇಂದ್ರದ ದುಡ್ಡು ನಿಂತಿದೆ. ಈಗ ಭಾಗ್ಯ ಬುಧವಾರ ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ನಿಂತು ದಾರಿ ನೋಡುತ್ತಾಳೆ. ಟೀಚರು ಇನ್ನು ಬರುವುದಿಲ್ಲ ಎಂದು ಅವಳಿಗೆ ಹೇಳುವುದಾದರೂ ಹೇಗೆ?

ನೀನು ಫೋನಿನಲ್ಲಿ ಹೇಳಿದ ಇನ್ನೊಂದು ಮಾತು ನನಗೆ ನುಂಗಲು ಆಗುತ್ತಿಲ್ಲ. “ಈಗ ಯಾರಮ್ಮ ಸರ್ಕಾರಿ ಶಾಲೆಗೆ ಬರ್ತಾರೆ? ಅಕ್ಕಪಕ್ಕ ಅಷ್ಟೊಂದು ಪ್ರೈವೇಟ್ ಸ್ಕೂಲ್ ಇದಾವೆ” ಎಂದೆ. ಯಾರು ಬರುತ್ತಾರೆ ಎಂದು ಕೇಳಿದೆಯಲ್ಲ, ಹೇಳುತ್ತೇನೆ. ಭಾಗ್ಯ ಬರುತ್ತಾಳೆ. ಯಾದಗಿರಿಯಿಂದ ಬಂದು ಕಟ್ಟಡದ ಕೆಲಸ ಮಾಡುವವರ ಮಕ್ಕಳು ಹನ್ನೊಂದು ಜನ ಬರುತ್ತಾರೆ. ಇಸ್ತ್ರಿ ಅಂಗಡಿಯ ಮುರುಗೇಶ್‌ನ ಅವಳಿ ಹುಡುಗರು ಬರುತ್ತಾರೆ, ಮನೆಯಲ್ಲಿ ತಮಿಳು, ಶಾಲೆಯಲ್ಲಿ ನಮಗಿಂತ ಚೆನ್ನಾದ ಕನ್ನಡ. ನಿನ್ನ ಕಾಲದಲ್ಲಿ ಯಾರು ಬರುತ್ತಿದ್ದರು? ಹೂವಿನವರ ಮಗಳು ಸಂಧ್ಯಾ ಬರುತ್ತಿದ್ದಳು. ನಿಮ್ಮ ಅಪ್ಪನಿಗೆ ನಿನ್ನನ್ನು ಟೈ ಕಟ್ಟುವ ಶಾಲೆಗೆ ಹಾಕಬೇಕೆಂದು ಆಸೆ ಇತ್ತು. ನಾನೇ ಬೇಡ ಎಂದೆ. ನಾನು ಓದಿದ ಶಾಲೆ ನನ್ನ ಮಗಳಿಗೆ ಕಡಿಮೆಯೇ ಎಂದು ಹಟ ಹಿಡಿದೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಮೇಲೆ ಮದುವೆ ಮಾಡಿ ನನ್ನನ್ನು ಹೂವಿನ ಬುಟ್ಟಿಯ ಮುಂದೆ ಕೂರಿಸಿದರು, ಆ ಬೇಸರ ಬೇರೆ. ಆದರೆ ನಮ್ಮ ಮನೆತನದಲ್ಲಿ ರಸೀತಿ ಓದಲು ಬರುತ್ತಿದ್ದ ಮೊದಲ ಹೆಂಗಸು ನಾನು. ಓದಲು ಕಲಿಸಿದ್ದು ಆ ಶಾಲೆಯೇ. ಅದರ ಋಣ ನಿನಗೂ ಇದೆ, ನನಗೂ ಇದೆ.

ನೀನು ಹೂವಿನವರ ಮನೆಯಲ್ಲಿ ಬೆಳೆದವಳು, ಅದಕ್ಕೆ ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಗಿಡ್ಡ ಕೈಯವರು ಮೊಳ ಹಾಕಿದರೆ ಹೂವು ಜಾಸ್ತಿ ಮೊಳ ಬಂದ ಹಾಗೆ ಕಾಣಿಸುತ್ತದೆ, ಉದ್ದ ಕೈಯವರು ಹಾಕಿದರೆ ಅದೇ ಹೂವು ಕಡಿಮೆ ಕಾಣಿಸುತ್ತದೆ. ಹೂವು ಇದ್ದಷ್ಟೇ ಇರುತ್ತದೆ. ಅದಕ್ಕೇ ಅಲ್ಲವೇ ನಮ್ಮವರು ಮೊಳ ಹಾಕಿದ ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟು ಕತ್ತರಿಸುವುದು? ಮುಡಿಯುವವರಿಗೆ ಮೋಸ ಆಗಬಾರದು ಎಂದು. ಬೀದಿಯಲ್ಲಿ ಕೂತು ಮಾರುವವರಿಗೆ ಇರುವ ಈ ಬುದ್ಧಿ ದೆಹಲಿಯ ಇಷ್ಟು ದೊಡ್ಡ ಸರ್ಕಾರಕ್ಕೆ ಇಲ್ಲವೇ? ಒಂದು ದಿನ ಎಣಿಸಿದ್ದು ಸರಿಯೋ ತಪ್ಪೋ ಎಂದು ಇನ್ನೊಂದು ದಿನ ಬಂದು ನೋಡಲು ಏನು ಕಷ್ಟ? ಕೊಸರು ಬಿಡದೆ ಕತ್ತರಿಸುವವರ ಹತ್ತಿರ ನಮ್ಮ ಬೀದಿಯಲ್ಲಿ ಎರಡನೇ ಸಲ ಯಾರೂ ಹೂವು ಕೊಳ್ಳುವುದಿಲ್ಲ.

ಹೋದ ಶುಕ್ರವಾರ ಶಾಲೆಯಲ್ಲಿ ಒಂದು ಸಭೆ ಕರೆದಿದ್ದರು. ಗಂಗಾಧರಯ್ಯ ಬಂದಿದ್ದರು. ತಾಯಂದಿರೆಲ್ಲ ಕೆಲಸ ಬಿಟ್ಟು ಬಂದಿದ್ದರು. ನಾನು ಮುಂದಿನ ಬೆಂಚಿನಲ್ಲಿ ಕೂತಿದ್ದೆ, ಹಳೆಯ ವಿದ್ಯಾರ್ಥಿನಿ ಎಂದು. ಎದ್ದು ನಿಂತು ಕೇಳಬೇಕಾದ್ದನ್ನೆಲ್ಲ ಕೇಳಿದೆ. ದೊಡ್ಡ ರಸ್ತೆಯನ್ನು ಆರು ವರ್ಷದ ಮಗು ಬಸ್ಸು ಲಾರಿಗಳ ನಡುವೆ ಹೇಗೆ ದಾಟಬೇಕು ಎಂದೆ. ಭಾಗ್ಯಳಿಗೆ ಹಾರ್ನ್ ಕೇಳಿಸುತ್ತದೆಯೇ ಎಂದೆ. ಆ ಮನುಷ್ಯ ತಾಳ್ಮೆಯಿಂದ ಎಲ್ಲವನ್ನೂ ಕೇಳಿದರು. ಆಮೇಲೆ ಒಂದೇ ಮಾತು ಹೇಳಿದರು: “ನಾನು ಸುಳ್ಳು ಬರೆದಿಲ್ಲ ಅಮ್ಮಾ. ಆವತ್ತು ಬಂದಾಗ ಇದ್ದಿದ್ದು ಹತ್ತೊಂಬತ್ತೇ ಮಕ್ಳು. ಉಳಿದ ನಲವತ್ತೈದು ಮಕ್ಳು ಎಲ್ಲೋಗಿದ್ರು, ಯಾರಾದ್ರೂ ಹೇಳಿ, ಬರ್ಕೋತೀನಿ.” ತಾಯಂದಿರೆಲ್ಲ ಸೆರಗು ಸರಿಮಾಡಿಕೊಂಡರು. ಮುಖ್ಯೋಪಾಧ್ಯಾಯಿನಿ ಗಿರಿಜಾಂಬಾ ನೆಲ ನೋಡಿಕೊಂಡು, “ಜ್ವರ ಇತ್ತು ಸಾರ್, ಸುಮಾರು ಮಕ್ಕಳಿಗೆ” ಎಂದರು. ಗಂಗಾಧರಯ್ಯ ನಕ್ಕರು. “ಒಂದೇ ದಿನ ಬಂದು ಒಂದೇ ದಿನ ಹೋಗೋ ಜ್ವರನಾ ಮೇಡಂ?” ಎಂದರು.

ಗಿರಿಜಾಂಬಾ ಅವರ ವಿಷಯ ನಿನಗೆ ಹೇಳಿರಲಿಲ್ಲ. ಆ ಹೆಣ್ಣುಮಗಳು ತ್ಯಾಗರಾಜನಗರದಿಂದ ಬಸ್ಸಿನಲ್ಲಿ ಬಂದು ಹದಿನಾಲ್ಕು ವರ್ಷದಿಂದ ಈ ಶಾಲೆಯನ್ನು ಹಿಡಿದು ನಿಲ್ಲಿಸಿದ್ದಾರೆ. ಬೇಸಿಗೆ ರಜೆಯಲ್ಲಿ ಮನೆ ಮನೆಗೆ ಹೋಗಿ ಮಕ್ಕಳನ್ನು ಸೇರಿಸಿಕೊಂಡು ಬರುವವರು. ಈಗ ಅವರಿಗೆ ಒಂದು ನೋಟಿಸು ಬಂದಿದೆ. ಹತ್ತೊಂಬತ್ತು ಮಕ್ಕಳಿರುವ ಶಾಲೆಯ ಪುಸ್ತಕದಲ್ಲಿ ಅರವತ್ತನಾಲ್ಕು ಹೆಸರು ಇದೆ ಎಂದರೆ, ಅನುದಾನಕ್ಕಾಗಿ ಸುಳ್ಳು ಹೆಸರು ಬರೆದಿದ್ದೀರಾ ಎಂದು. ಮೇ ತಿಂಗಳಲ್ಲಿ ನಿವೃತ್ತಿ ಆಗುವವರು. ಸಭೆ ಮುಗಿದ ಮೇಲೆ ಅವರು ನನ್ನ ಕೈ ಹಿಡಿದು ಗೇಟಿನ ತನಕ ನಡೆಸಿಕೊಂಡು ಬಂದರು. “ನಿಧಾನ ಅಮ್ಮಾ, ಮೆಟ್ಲಿದೆ” ಎಂದಷ್ಟೇ ಹೇಳಿದರು. ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ನೀನು ಹೇಳುವುದು ನನಗೆ ಗೊತ್ತು. “ನಾನು ಓದಿದ ಸ್ಕೂಲ್ ಅಂತ ನಾನೇ ಕೈ ಹಾಕಿದ್ರೆ ನಾಳೆ ಜನ ಏನಂತಾರಮ್ಮಾ?” ಎಂದೆಯಲ್ಲ. ಸರಿಯಾದ ಮಾತೇ. ನಾನು ನಿನಗೆ ಅಡ್ಡದಾರಿ ಹೇಳಿಕೊಡುವವಳಲ್ಲ, ಹಾಗೆ ಬೆಳೆಸಿಯೂ ಇಲ್ಲ. ನಮ್ಮ ಶಾಲೆಯೊಂದನ್ನು ಉಳಿಸು ಎಂದು ಕೇಳುತ್ತಿಲ್ಲ. ಆ ಪಟ್ಟಿಯಲ್ಲಿ ಎಷ್ಟು ಶಾಲೆ ಇವೆಯೋ ನನಗೆ ಗೊತ್ತಿಲ್ಲ, ಒಂದೊಂದರಲ್ಲೂ ಒಬ್ಬೊಬ್ಬ ಗಿರಿಜಾಂಬಾ, ಒಬ್ಬೊಬ್ಬಳು ಭಾಗ್ಯ ಇರುತ್ತಾರೆ. ಅವನ್ನೆಲ್ಲ ಮತ್ತೊಂದು ದಿನ ಹೋಗಿ ಎಣಿಸಿ ಎಂದು ಒಂದು ಸಾಲು ಬರೆ. ರಾಜ್ಯದವರು ಕೊಟ್ಟ ಸಂಖ್ಯೆ ಎಂದು ಕೈ ತೊಳೆದುಕೊಳ್ಳಬೇಡ. ಮಕ್ಕಳ ಓದು ಎಲ್ಲಾ ಸರ್ಕಾರಕ್ಕೂ ಸೇರಿದ್ದು. ಮನೆಗೆ ಬೆಂಕಿ ಬಿದ್ದಾಗ ಬಾವಿ ಯಾರ ಪಾಲಿಗೆ ಬಂದದ್ದು ಎಂದು ಅಣ್ಣತಮ್ಮಂದಿರು ಪತ್ರ ತೆಗೆದು ನೋಡುತ್ತಾರೆಯೇ? ನಿನ್ನ ಸಾಹೇಬರು ಒಪ್ಪದಿದ್ದರೆ ಅದನ್ನೂ ಬರವಣಿಗೆಯಲ್ಲಿ ಕೇಳು. ಬಾಯಿಮಾತಿಗೆ ಸಾಕ್ಷಿ ಇಲ್ಲ ಎಂದು ನೀನೇ ನನಗೆ ಎಷ್ಟು ಸಲ ಹೇಳಿಲ್ಲ.

ನಾನು ಸಿಡುಕುತ್ತೇನೆ ಎಂದು ನಿಮಗೆಲ್ಲ ಬೇಸರ. ನಿಮ್ಮಪ್ಪ ಇದ್ದಾಗಲೂ ಹೇಳುತ್ತಿದ್ದರು, “ಇವಳ ಬಾಯಿಂದ ತಪ್ಪಾಯ್ತು ಅನ್ನೋ ಮಾತು ಕೇಳ್ಬೇಕಾದ್ರೆ ನಾನು ಇನ್ನೊಂದ್ ಜನ್ಮ ಎತ್ತಿ ಬರ್ಬೇಕು” ಎಂದು. ಅವರು ಈ ಜನ್ಮದಲ್ಲಿ ಕೇಳದೆಯೇ ಹೋದರು. ಇರಲಿ.

ಅಳಿಯಂದಿರು ಅನಿರುದ್ಧ ಅವರಿಗೆ ನನ್ನ ಆಶೀರ್ವಾದ ತಿಳಿಸು, ಕಷಾಯದ ಪುಡಿಯೂ ಪಾರ್ಸೆಲ್ಲಿನಲ್ಲಿದೆ. ಮನೆದೇವರು ನಿನ್ನ ಕತ್ತನ್ನೂ ಕಾಯಲಿ, ಬುದ್ಧಿಯನ್ನೂ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ಎಂದಿಗೂ ನಿನ್ನ ಒಳ್ಳೆಯದನ್ನೇ ಬಯಸುವ,
ಅಮ್ಮ
ಮುನಿಗಂಗಮ್ಮ, ಎಸ್‌ಎಸ್‌ಎಲ್‌ಸಿ (ಎರಡನೇ ದರ್ಜೆ)

ತಾ.ಕ.: ಮುನಿರಾಜು ಸ್ಪೀಡ್ ಪೋಸ್ಟಿಗೆ ಹೊರಟು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಬೇಗ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಆ ನಲವತ್ತೈದು ಮಕ್ಕಳು ಆವತ್ತು ನಮ್ಮ ಅಂಗಳದಲ್ಲಿದ್ದರು. ಪ್ರತಿ ವರ್ಷದ ಹಾಗೆ. ಹಿಂದಿನ ಸಂಜೆ ನಾನೇ ಬೀದಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ, ನಾಳೆ ಶಾಲೆ ಬೇಡ, ಹೂವು ಕಟ್ಟಲು ಬನ್ನಿ, ಒಬ್ಬಟ್ಟು ಮಾಡಿಸುತ್ತೇನೆ ಎಂದು. ನನ್ನ ಮಾತನ್ನು ಈ ಬೀದಿಯಲ್ಲಿ ಯಾರು ಮೀರುತ್ತಾರೆ? ಗಿರಿಜಾಂಬಾ ಆವತ್ತು ಬೆಳಿಗ್ಗೆ ಗೇಟಿಗೆ ಬಂದು, “ಅಮ್ಮಾ, ಮಕ್ಕಳನ್ನ ಕಳ್ಸಿಬಿಡಿ, ಇವತ್ತು ಯಾರೋ ಬರ್ತಾರಂತೆ” ಎಂದು ಬೇಡಿಕೊಂಡರು. ಒಂದು ದಿನ ತಾನೇ ಟೀಚರಮ್ಮಾ ಎಂದು ಅವರ ಕೈಗೆ ಮಲ್ಲಿಗೆ ಕೊಟ್ಟು ನಾನೇ ವಾಪಸು ಕಳಿಸಿದೆ. ಸಭೆಯಲ್ಲಿ ನನ್ನ ಹೆಸರು ಹೇಳಿದ್ದರೆ ಅವರ ನೋಟಿಸು ಆವತ್ತೇ ರದ್ದಾಗುತ್ತಿತ್ತು. ಅವರು ಜ್ವರ ಎಂದರು. ನಾನು ಮುಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದೆ. ತಪ್ಪಾಯಿತು ಸಂಧ್ಯಾ. ಗಂಗಾಧರಯ್ಯ ಅವರಿಗೂ ಇದೇ ಮಾತನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೇನೆ, ನಾಳೆ ಬೆಳಿಗ್ಗೆ ನಾನೇ ಹೋಗಿ ಕೈಗೆ ಕೊಡುತ್ತೇನೆ. ಅದರ ಪ್ರತಿ ಈ ಕಾಗದದ ಜೊತೆ ಇದೆ. ಅಮ್ಮನ ಕಾಗದವನ್ನು ಮನೆಯಲ್ಲಿಡು, ಆ ಹಾಳೆಯನ್ನು ಫೈಲಿನಲ್ಲಿಡು. ಇನ್ನೊಂದು ಮಾತು. ನಿನ್ನ ಏಳು ವರ್ಷದ ಹಾಜರಿಯಲ್ಲೂ ವರಮಹಾಲಕ್ಷ್ಮಿಯ ಹಿಂದಿನ ದಿನ ಖಾಲಿಯೇ ಇತ್ತು, ಅದೇ ಅಂಗಳದಲ್ಲಿ ನೀನು ಎಲ್ಲರಿಗಿಂತ ಬೇಗ ಬೇಗ ಕಟ್ಟುತ್ತಿದ್ದೆ. ಆಗ ಯಾರೂ ಎಣಿಸಲು ಬರಲಿಲ್ಲ. ಬಂದಿದ್ದರೆ ನೀನು ಇವತ್ತು ದೆಹಲಿಯಲ್ಲಿ ಇರುತ್ತಿರಲಿಲ್ಲ. ಹಾಳೆಯ ಹಿಂದೆ ನಲವತ್ತೈದು ಮಕ್ಕಳ ಹೆಸರು, ಅಪ್ಪ ಅಮ್ಮನ ಹೆಸರು, ತರಗತಿ ಬರೆದಿದ್ದೇನೆ. ಭಾಗ್ಯ ತನ್ನ ಹೆಸರನ್ನು ತಾನೇ ಬರೆದಿದ್ದಾಳೆ. ಒಬ್ಬೊಬ್ಬರ ಹೆಸರನ್ನೂ ಓದಿ ಎಣಿಸು.